ಷಿಕಾಗೋ ಮಾಂಸವ್ಯಾಪಾರದಲ್ಲಿ ಸಾಗಣೆಯೂ ಬೆಲೆಯೂ

ಮಾಂಸದ ಬೆಲೆ ಏರಿದಾಗಲೆಲ್ಲ ಕೊಳ್ಳುವವನ ಕೋಪ ಮೊದಲು ತಿರುಗುವುದು ಎದುರಿಗೆ ಕತ್ತಿ ಹಿಡಿದು ನಿಂತಿರುವ ಅಂಗಡಿಯವನ ಮೇಲೆ. ಅಂಗಡಿಯವನು ಸಗಟು ವ್ಯಾಪಾರಿಯನ್ನು ದೂರುತ್ತಾನೆ. ಸಗಟು ವ್ಯಾಪಾರಿ ರೈಲ್ವೆಯ ಬಾಡಿಗೆಯನ್ನೂ ದನ ಸಾಕುವವನ ದುರಾಸೆಯನ್ನೂ ಮುಂದೊಡ್ಡುತ್ತಾನೆ. ದನ ಸಾಕುವವನಾದರೋ ತನಗೆ ಬಂದ ಬೆಲೆಯಿಂದ ಮೇವಿನ ಸಾಲವೂ ತೀರಲಿಲ್ಲವೆನ್ನುತ್ತಾನೆ. ಎಲ್ಲರೂ ಒಟ್ಟಿಗೆ ಸತ್ಯವನ್ನೇ ಹೇಳುತ್ತಿರುವುದು ಸಾಧ್ಯವೇ? ಸಾಧ್ಯವೆಂದೇ ನಮ್ಮ ಭಾವನೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಹುಲ್ಲುಗಾವಲಿಗೂ ಅಂಗಡಿಯ ಕೊಕ್ಕೆಗೂ ನಡುವಣ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ನಡೆದು ನೋಡಬೇಕು. ಈ ವಿಚಾರದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಷಿಕಾಗೋ ನಗರದ ಚರಿತ್ರೆಯಷ್ಟು ಸಮೃದ್ಧವಾದ ಸಾಮಗ್ರಿ ಬೇರೆ ಕಡೆ ದೊರೆಯುವುದು ವಿರಳ. ಅಲ್ಲಿ ವ್ಯಾಪಾರಿಗಳು ಸೆನೆಟ್ಟಿನ ಸಮಿತಿಯ ಮುಂದೆ ತಮ್ಮ ಲೆಕ್ಕವನ್ನೇ ಒಪ್ಪಿಸಬೇಕಾಗಿ ಬಂದುದರಿಂದ, ಸಾಮಾನ್ಯವಾಗಿ ಮುಚ್ಚಿಹೋಗುವ ಅಂಕಿಗಳು ಉಳಿದುಬಂದಿವೆ.

ಅಂತರ್ಯುದ್ಧವು 1865ರಲ್ಲಿ ಮುಗಿದಾಗ ಟೆಕ್ಸಾಸಿನ ಬಯಲುಗಳಲ್ಲಿ ದನಗಳು ಲೆಕ್ಕವಿಲ್ಲದಂತೆ ಬೆಳೆದಿದ್ದುವು. ಅಲ್ಲಿ ನಾಲ್ಕೈದು ಡಾಲರಿಗೆ ಸಿಗುತ್ತಿದ್ದ ಹೋರಿಗೆ ಉತ್ತರದ ಪಟ್ಟಣಗಳಲ್ಲಿ ಅದರ ಹತ್ತರಷ್ಟು ಬೆಲೆ ಬರುವುದೆಂದು ಅಂದಿನ ವ್ಯಾಪಾರಿಗಳು ಹೇಳಿಕೊಳ್ಳುತ್ತಿದ್ದರು. ಈ ಅಂತರವೆಲ್ಲ ಯಾರದೋ ಲಾಭವೆಂದು ತಿಳಿಯಲಾಗದು. ಹೋರಿ ಇದ್ದ ಕಡೆ ತಿನ್ನುವವರಿರಲಿಲ್ಲ, ತಿನ್ನುವವರಿದ್ದ ಕಡೆ ಹೋರಿಯಿರಲಿಲ್ಲ. ನಡುವಣ ಸಾವಿರ ಮೈಲಿಯೇ ಆ ಬೆಲೆ. 1867ರಲ್ಲಿ ಜೋಸೆಫ್ ಮೆಕಾಯ್ ಎಂಬಾತನು ಕಾನ್ಸಾಸಿನ ಆಬಿಲೀನ್ ಎಂಬ ಸಣ್ಣ ಊರಿನಲ್ಲಿ, ರೈಲುದಾರಿಯ ಬದಿಗೆ, ದನದ ದೊಡ್ಡಿಗಳನ್ನು ಕಟ್ಟಿಸಿದನು. ಅಲ್ಲಿಯವರೆಗೆ ದನ ತನ್ನ ಕಾಲಮೇಲೆ ನಡೆದು ಬಂದು, ಮುಂದೆ ರೈಲುಗಾಡಿಯನ್ನು ಹತ್ತುತ್ತಿತ್ತು. ನಮ್ಮ ಸೀಮೆಯ ಸಂತೆಗಳಿಗೆ ಕುರಿಮಂದೆಯನ್ನು ಹೊಡೆದುಕೊಂಡು ಬರುವವರನ್ನು ಕಂಡವರಿಗೆ ಈ ವ್ಯವಸ್ಥೆಯ ಪೂರ್ವಾರ್ಧವೇನೂ ಹೊಸದಾಗಿ ತೋರಲಾರದು. ನಡೆದು ಬರುವ ಸರಕಿಗೆ ಬಾಡಿಗೆಯಿಲ್ಲ, ಆದರೆ ದಾರಿಯುದ್ದಕ್ಕೂ ಮೈ ಇಳಿಯುತ್ತದೆ.

ಷಿಕಾಗೋ ನಗರದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಮಹಾಮಂಡಿಯು 1865ರ ಡಿಸೆಂಬರ್ 25ರಂದು ತೆರೆಯಿತು. ಒಂಬತ್ತು ರೈಲ್ವೆ ಕಂಪನಿಗಳು ಕೂಡಿ, ನಗರದ ದಕ್ಷಿಣದಲ್ಲಿ 320 ಎಕರೆ ಜೌಗುನೆಲವನ್ನು ಕೊಂಡು ಕಟ್ಟಿದ ಮಂಡಿಯಿದು. ಪಶ್ಚಿಮದಿಂದ ಬಂದ ದನ ಇಲ್ಲಿ ಇಳಿದು, ಮಾರಾಟವಾಗಿ, ಮತ್ತೆ ಪೂರ್ವದ ಗಾಡಿಯನ್ನು ಹತ್ತಿ ನ್ಯೂಯಾರ್ಕ್ ಬಾಸ್ಟನ್ನುಗಳಿಗೆ ಜೀವಂತವಾಗಿಯೇ ಹೋಗುತ್ತಿತ್ತು. ಈ ಎರಡನೆಯ ಪ್ರಯಾಣದ ವೆಚ್ಚವನ್ನು ಸ್ವಲ್ಪ ವಿವರವಾಗಿಯೇ ಗಮನಿಸಬೇಕು. ಹೋರಿಯ ತೂಕದಲ್ಲಿ ಮಾಂಸವಾಗಿ ಮಾರಾಟವಾಗುವುದು ನೂರಕ್ಕೆ ಐವತ್ತೈದು ಅರುವತ್ತರಷ್ಟು ಮಾತ್ರ. ಉಳಿದುದು ತೊಗಲು, ತಲೆ, ಗೊರಸು, ಕರುಳು, ರಕ್ತ. ಇದೆಲ್ಲಕ್ಕೂ ಬಾಡಿಗೆ ತೆತ್ತು ಸಾವಿರ ಮೈಲಿ ಸಾಗಿಸಬೇಕು. ದಾರಿಯಲ್ಲಿ ಮೇವು ನೀರು ಕೊಡಬೇಕು. 28 ಗಂಟೆಗಳಿಗಿಂತ ಹೆಚ್ಚು ಕಾಲ ದನವನ್ನು ಇಳಿಸದೆ ಸಾಗಿಸಕೂಡದೆಂದು 1873ರಲ್ಲಿ ಶಾಸನವೇ ಆಯಿತು. ಅದು ದಯೆಯ ಶಾಸನ, ಸಂದೇಹವಿಲ್ಲ. ಆದರೆ ಇಳಿಸುವ ಕೂಲಿ, ಮೇವಿನ ಬೆಲೆ, ತಂಗುವ ವೇಳೆ, ಇವೆಲ್ಲವೂ ಕಟ್ಟಕಡೆಗೆ ಬಾಸ್ಟನ್ನಿನ ಗೃಹಿಣಿಯ ಚೀಲದಿಂದಲೇ ಹೊರಡಬೇಕು. ಮೈ ಇಳಿಯುವುದು, ಗಾಯವಾಗುವುದು, ಗಾಡಿಯಲ್ಲೇ ಸಾಯುವುದು, ಇವು ಬೇರೆ.

ಮಸಾಚುಸೆಟ್ಸಿನಲ್ಲಿ 1839ರಲ್ಲಿ ಹುಟ್ಟಿ ಕಸಾಯಿಯ ಕಸುಬಿನಲ್ಲೇ ಬೆಳೆದ ಗಸ್ಟೇವಸ್ ಸ್ವಿಫ್ಟನು 1875ರಲ್ಲಿ ಷಿಕಾಗೋಗೆ ಬಂದನು. ದನವನ್ನು ಷಿಕಾಗೋನಲ್ಲೇ ಕೊಯ್ದು ಮಾಂಸವನ್ನು ಮಾತ್ರ ಕಳುಹಿಸಿದರೆ ಅರ್ಧ ಬಾಡಿಗೆ ಉಳಿಯುವುದೆಂಬ ಲೆಕ್ಕ ಅವನೊಬ್ಬನಿಗೇ ಹೊಳೆದುದಲ್ಲ. ಡೆಟ್ರಾಯಿಟಿನ ಜಾರ್ಜ್ ಹ್ಯಾಮಂಡನು ವಿಲಿಯಂ ಡೇವಿಸನ ಸ್ವಾಮ್ಯದ ಹಿಮದ ಗಾಡಿಯಲ್ಲಿ ಅದಕ್ಕೆ ಮೊದಲೇ ಮಾಂಸವನ್ನು ಕಳುಹಿಸಿದ್ದನು. ಆದರೆ ಮಾಂಸವು ಮಂಜುಗಡ್ಡೆಗೆ ತಗುಲಿ ಬಣ್ಣಗೆಡುತ್ತಿತ್ತು; ಚಾವಣಿಯಿಂದ ತೂಗಬಿಟ್ಟರೆ ತಿರುವುಗಳಲ್ಲಿ ತೂಗಾಡಿ ಗಾಡಿಯೇ ಹಳಿತಪ್ಪುತ್ತಿತ್ತು. 1878ರಲ್ಲಿ ಆಂಡ್ರೂ ಚೇಸ್ ಎಂಬ ಎಂಜಿನಿಯರನು ಸ್ವಿಫ್ಟನಿಗಾಗಿ ರಚಿಸಿದ ಗಾಡಿಯಲ್ಲಿ ಮಂಜುಗಡ್ಡೆ ಮೇಲುಭಾಗದಲ್ಲಿದ್ದು, ತಣ್ಣನೆಯ ಗಾಳಿ ಕೆಳಕ್ಕಿಳಿದು ಬೆಚ್ಚನೆಯ ಗಾಳಿ ಹೊರಬೀಳುವಂತೆ ಏರ್ಪಾಡಾಗಿತ್ತು. ಆ ಯುಕ್ತಿ ಸಣ್ಣದು, ಅದರ ಪರಿಣಾಮ ದೊಡ್ಡದು.

ರೈಲ್ವೆ ಕಂಪನಿಗಳು ಈ ಗಾಡಿಗಳನ್ನು ಕಟ್ಟಿಸಿಕೊಡಲು ಒಪ್ಪಲಿಲ್ಲ. ಅವು ದನದ ಗಾಡಿಗಳಲ್ಲೂ, ಮೇವು ಹಾಕುವ ನಿಲ್ದಾಣಗಳಲ್ಲೂ, ಪೂರ್ವದ ದೊಡ್ಡಿಗಳಲ್ಲೂ ಹಣ ಹೂಡಿದ್ದುವು. ತೂಕ ಅರ್ಧಕ್ಕಿಳಿದರೆ ಬಾಡಿಗೆಯೂ ಇಳಿಯುವುದಲ್ಲವೆ? ದನಸಾಗಣೆಯಲ್ಲಿ ಹೆಚ್ಚಿನ ಪಾಲಿಲ್ಲದ, ಕೆನಡಾದ ಮೂಲಕ ಸುತ್ತಿಹೋಗುವ ಗ್ರ್ಯಾಂಡ್ ಟ್ರಂಕ್ ರೈಲ್ವೆಯನ್ನು ಸ್ವಿಫ್ಟನು ಹಿಡಿದನು. ಗಾಡಿಗಳನ್ನು ತಾನೇ ಕಟ್ಟಿಸಿದನು. ದಾರಿಯುದ್ದಕ್ಕೂ ಮಂಜುಗಡ್ಡೆ ತುಂಬುವ ಠಾಣೆಗಳನ್ನು ತಾನೇ ಇಟ್ಟನು. ಪೂರ್ವದ ಊರೂರಿನಲ್ಲಿ ಮಾಂಸವನ್ನು ಇಳಿಸಿಕೊಂಡು ಮಾರುವ ಶಾಖೆಗಳನ್ನು ತೆರೆದನು. ಯಾರೂ ಮಾಡಿಕೊಡದುದರಿಂದ ಎಲ್ಲವನ್ನೂ ತಾನೇ ಮಾಡಬೇಕಾಗಿ ಬಂದಿತು. ಮುಂದೆ ನಲವತ್ತು ವರ್ಷಗಳ ಕಾಲ ಸರಕಾರ ಇವನ ಮನೆತನದ ಮೇಲೆ ಹೊರಿಸಿದ ಏಕಸ್ವಾಮ್ಯದ ಆಪಾದನೆಗೆ ಮೂಲವಾದ ಆಸ್ತಿಗಳು ಇವೇ ಎಂಬುದನ್ನು ಇಲ್ಲಿ ಗುರುತಿಸಿಟ್ಟುಕೊಳ್ಳಬೇಕು.

ದೊಡ್ಡ ರೈಲ್ವೆಗಳ ಒಕ್ಕೂಟವು ಆಲ್ಬರ್ಟ್ ಫಿಂಕನ ಮುಖಂಡತ್ವದಲ್ಲಿ ಇದಕ್ಕೆ ಒಂದು ಪ್ರತಿಯುಪಾಯವನ್ನು ಹೂಡಿತು. ಜೀವಂತ ದನದ ವ್ಯಾಪಾರಿಗೂ ಹಸನುಮಾಡಿದ ಮಾಂಸದ ವ್ಯಾಪಾರಿಗೂ ಪೂರ್ವದ ಪೇಟೆಯಲ್ಲಿ ಸಮನಾದ ಖರ್ಚು ಬೀಳಬೇಕೆಂಬುದು ಅವರ ನ್ಯಾಯ. 1880ರ ದಶಕದ ಮಧ್ಯಕ್ಕೆ ನಿಂತ ಪ್ರಮಾಣದಂತೆ ನೂರು ಪೌಂಡು ದನಕ್ಕೆ 40 ಸೆಂಟಾದರೆ ನೂರು ಪೌಂಡು ಮಾಂಸಕ್ಕೆ 70 ಸೆಂಟು. ಎಂದರೆ ಒಂದೂಮುಕ್ಕಾಲು ಪಟ್ಟು. ಈ ಸಂಖ್ಯೆಯನ್ನು ನಾವು ಲೆಕ್ಕಕ್ಕೆ ಹಚ್ಚಿ ನೋಡೋಣ. 1,260 ಪೌಂಡಿನ ಹೋರಿಯಿಂದ 710 ಪೌಂಡು ಮಾಂಸ ಬರುತ್ತದೆಂದಿಟ್ಟುಕೊಂಡರೆ, ಹೋರಿಯನ್ನು ಜೀವಂತವಾಗಿ ಕಳುಹಿಸಲು 5 ಡಾಲರು 4 ಸೆಂಟು, ಮಾಂಸವನ್ನು ಕಳುಹಿಸಲು 4 ಡಾಲರು 97 ಸೆಂಟು. ವ್ಯತ್ಯಾಸ 7 ಸೆಂಟು! ಗಾಡಿಯಲ್ಲಿ ಇಲ್ಲದ ತಲೆಗೂ ಗೊರಸಿಗೂ ಕರುಳಿಗೂ ರೈಲ್ವೆಯವರು ಬಾಡಿಗೆಯನ್ನು ವಸೂಲು ಮಾಡಿದರೆಂದರೆ ತಪ್ಪಾಗದು. ಹೊಸ ಉಪಾಯದಿಂದ ಉಳಿದ ಹಣ ಗ್ರಾಹಕನಿಗೆ ಸೇರಲಿಲ್ಲ, ಉಪಾಯ ಮಾಡಿದವನಿಗೂ ಪೂರ್ತಿ ಸೇರಲಿಲ್ಲ; ದಾರಿಯ ಒಡೆಯನಿಗೆ ಸೇರಿತು. ಗ್ರ್ಯಾಂಡ್ ಟ್ರಂಕಿನಂಥ ಹೊರಗಿನವರ ಸ್ಪರ್ಧೆಯಿಂದ ಬಾಡಿಗೆ ಕ್ರಮೇಣ ಇಳಿಯದೆ ಹೋಗಿದ್ದರೆ ಹಿಮದ ಗಾಡಿಯ ಪ್ರಯೋಜನವನ್ನು ಕೊಳ್ಳುವವರು ಕಾಣುತ್ತಲೇ ಇರಲಿಲ್ಲ.

ಊರಿನ ಕಟುಕರೂ ಸುಮ್ಮನಿರಲಿಲ್ಲ. ಸಾವಿರ ಮೈಲಿಯಾಚೆ ಕೊಯ್ದ ಮಾಂಸ ಅಪಾಯಕರವೆಂದು ಸಾರಿದರು. 1886ರಲ್ಲಿ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಕೊಯ್ಯುವುದಕ್ಕೆ 24 ಗಂಟೆಗಳ ಒಳಗಾಗಿ ದನವನ್ನು ತಮ್ಮ ಸಂಸ್ಥಾನದಲ್ಲೇ ಪರೀಕ್ಷಿಸಿರಬೇಕೆಂದು ಮಿನೆಸೋಟ 1889ರಲ್ಲಿ ಶಾಸನ ಮಾಡಿತು. ಆರೋಗ್ಯದ ಹೆಸರಿನಲ್ಲಿ ಷಿಕಾಗೋದ ಮಾಂಸವನ್ನು ತಡೆಯುವ ಕಟ್ಟಳೆಯೆಂದು ಗುರುತಿಸಿ ಸರ್ವೋನ್ನತ ನ್ಯಾಯಾಲಯವು 1890ರಲ್ಲಿ ಅದನ್ನು ತಳ್ಳಿಹಾಕಿತು.

ಇನ್ನು ಸೆನೆಟ್ಟಿನ ವಿಚಾರಣೆ. ದನ ಸಾಕುವವರ ದೂರು ಹೆಚ್ಚಿ, ಮಿಸ್ಸೂರಿಯ ಸೆನೆಟರ್ ಜಾರ್ಜ್ ವೆಸ್ಟನ ಅಧ್ಯಕ್ಷತೆಯಲ್ಲಿ 1888ರಲ್ಲಿ ಸಮಿತಿ ಏರ್ಪಟ್ಟು 1890ರಲ್ಲಿ ವರದಿಯನ್ನೊಪ್ಪಿಸಿತು. ದನದ ಬೆಲೆ ಕುಸಿದಿದೆ, ಅಂಗಡಿಯಲ್ಲಿ ಮಾಂಸದ ಬೆಲೆ ಅದಕ್ಕೆ ಸಮನಾಗಿ ಇಳಿದಿಲ್ಲ, ನಡುವೆ ಷಿಕಾಗೋದ ನಾಲ್ವರಿದ್ದಾರೆ. ಸಮಿತಿಯ ಅಭಿಪ್ರಾಯದ ಸಾರ ಇಷ್ಟೇ. ಆರ್ಮರ್, ಸ್ವಿಫ್ಟ್, ಮಾರಿಸ್, ಹ್ಯಾಮಂಡ್, ಈ ನಾಲ್ವರು. ಹುಲ್ಲುಗಾವಲುಗಳಲ್ಲಿ ಮಿತಿಮೀರಿ ದನ ತುಂಬಿದ್ದುದೂ 1886–87ರ ಭೀಕರ ಚಳಿಗಾಲಕ್ಕೆ ಹೆದರಿ ಅನೇಕರು ಸಿಕ್ಕಿದ ಬೆಲೆಗೆ ಮಾರಿಬಿಟ್ಟುದೂ ಬೆಲೆಯ ಕುಸಿತಕ್ಕೆ ಕಾರಣಗಳೆಂದು ವ್ಯಾಪಾರಿಗಳು ಉತ್ತರಕೊಟ್ಟರು. ಈ ಉತ್ತರವನ್ನು ಬರಿಯ ನೆವವೆಂದು ತೆಗೆದುಹಾಕುವುದು ನ್ಯಾಯವಲ್ಲ. ಆದರೂ ನಮಗೆ ಹೆಚ್ಚು ಬೆಲೆಯುಳ್ಳದಾಗಿ ಕಾಣುವುದು ಈ ವಾದವಿವಾದವಲ್ಲ. 1889ರಲ್ಲಿ ಫಿಲಿಪ್ ಆರ್ಮರನ ಕಡೆಯಿಂದ ಬಂದ ಒಂದು ಹೋರಿಯ ಜಮಾಖರ್ಚು.

1,260 ಪೌಂಡಿನ ಹೋರಿಯನ್ನು ನೂರು ಪೌಂಡಿಗೆ 3 ಡಾಲರು 25 ಸೆಂಟಿನಂತೆ ಕೊಂಡರೆ 40 ಡಾಲರು 95 ಸೆಂಟು. ಕೊಯ್ಯುವ ಕೂಲಿ, ಉಪ್ಪು, ಮಂಜುಗಡ್ಡೆ ಮೊದಲಾದುವಕ್ಕೆ 1 ಡಾಲರು 75 ಸೆಂಟು. 710 ಪೌಂಡು ಮಾಂಸವನ್ನು ನ್ಯೂಯಾರ್ಕಿಗೆ ಸಾಗಿಸಲು, ಆ ವೇಳೆಗೆ ನೂರು ಪೌಂಡಿಗೆ 45 ಸೆಂಟಿಗಿಳಿದಿದ್ದ ಬಾಡಿಗೆಯಲ್ಲಿ, 3 ಡಾಲರು 20 ಸೆಂಟು. ಅಲ್ಲಿ ಮಾರುವ ಖರ್ಚು 2 ಡಾಲರು 48 ಸೆಂಟು. ಒಟ್ಟು 48 ಡಾಲರು 38 ಸೆಂಟು. ಮಾಂಸವನ್ನು ಪೌಂಡಿಗೆ ಐದೂ ಮೂರೆಂಟಾಂಶ ಸೆಂಟಿನಂತೆ ಮಾರಿದರೆ ಬಂದದ್ದು 38 ಡಾಲರು 17 ಸೆಂಟು. ನಷ್ಟ 10 ಡಾಲರು 21 ಸೆಂಟು. ತೊಗಲಿನಿಂದ 6 ಡಾಲರು 30 ಸೆಂಟು, ಉಳಿದ ಉಪವಸ್ತುಗಳಿಂದ 4 ಡಾಲರು 50 ಸೆಂಟು, ಕೂಡಿ 10 ಡಾಲರು 80 ಸೆಂಟು. ಕಡೆಗೆ ಉಳಿದ ಲಾಭ 59 ಸೆಂಟು.

ಹೋರಿಯ ಬೆಲೆ ಅದರ ಮಾಂಸದ ಸಗಟು ಬೆಲೆಗಿಂತ ಹೆಚ್ಚು! ಮಾಂಸವನ್ನು ನಷ್ಟಕ್ಕೆ ಮಾರಿ ತೊಗಲು ಕೊಬ್ಬುಗಳಿಂದ ಆ ನಷ್ಟವನ್ನು ತುಂಬಿಕೊಳ್ಳುವ ವ್ಯಾಪಾರವಿದು. ಊರಿನ ಒಂಟಿ ಕಟುಕ ಕರುಳನ್ನೂ ರಕ್ತವನ್ನೂ ಹೊರಗೆ ಚೆಲ್ಲುತ್ತಿದ್ದನು. ದಿನಕ್ಕೆ ಸಾವಿರಗಟ್ಟಲೆ ದನ ಕೊಯ್ಯುವವನಿಗೆ ಅವುಗಳಿಂದ ಗೊಬ್ಬರ, ಸರೇಸು, ಸಾಬೂನು, ಗುಂಡಿ ಮಾಡುವುದು ಗಿಟ್ಟುತ್ತಿತ್ತು. ಪೂರ್ವದ ಪೇಟೆಗಳಲ್ಲಿ ಷಿಕಾಗೋದ ಮಾಂಸ ಅಗ್ಗವಾಗಿ ಬಿಕರಿಯಾದುದಕ್ಕೆ ಹಿಮದ ಗಾಡಿಯಷ್ಟೇ ಕಾರಣ ಈ ಚೆಲ್ಲದಿರುವಿಕೆ. ಮಾಂಸದ ಬೆಲೆಯನ್ನು ಮಾಂಸವೊಂದರಿಂದಲೇ ವಿವರಿಸಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನಮಗೆ ತಿಳಿದಿಲ್ಲ.

ಇದು ವ್ಯಾಪಾರಿಯೇ ಒಪ್ಪಿಸಿದ ಲೆಕ್ಕ, ಸಗಟಿನ ಕೊನೆಗೇ ನಿಲ್ಲುವ ಲೆಕ್ಕ, ಎಂಬ ಎಚ್ಚರಿಕೆ ಅವಶ್ಯ. ಚಿಲ್ಲರೆ ಅಂಗಡಿಯವನು 710 ಪೌಂಡನ್ನು ಒಂದೇ ಬೆಲೆಗೆ ಮಾರಲಾರನು. ಸೊಂಟದ ತುಂಡಿಗೆ ಒಂದು ಬೆಲೆ, ಕುತ್ತಿಗೆಗೆ ಇನ್ನೊಂದು. ಮೂಳೆ, ನರ, ಒಣಗಿ ಕಳೆದ ತೂಕ, ಇವಕ್ಕೆ ಬೆಲೆಯೇ ಇಲ್ಲ. ಈ ಭಾಗದ ಖರ್ಚು ಸೆನೆಟ್ಟಿನ ಮುಂದೆ ಬರಲಿಲ್ಲ.

ಆದರೆ ಆ 59 ಸೆಂಟನ್ನು ತೋರಿಸಿ, ಇಷ್ಟು ಸಣ್ಣ ಲಾಭದವರು ಬೆಲೆಯನ್ನು ಕೆಡಿಸಬಲ್ಲರೆ ಎಂದು ಕೇಳಿದವರ ವಾದವನ್ನು ನಾವು ಒಪ್ಪಲಾರೆವು. ಅದೇ ಲೆಕ್ಕವನ್ನು ಮುಂದುವರಿಸಿ ನೋಡಬೇಕು. ಮಾರುವ ಬೆಲೆ ಪೌಂಡಿಗೆ ಒಂದು ಸೆಂಟಿನ ಎಂಟನೆಯ ಒಂದು ಭಾಗ ಏರಿದರೆ 710 ಪೌಂಡಿಗೆ 89 ಸೆಂಟು; ಲಾಭವು ಒಮ್ಮೆಲೇ ಎರಡೂವರೆ ಪಟ್ಟಾಗುವುದು. ಅಷ್ಟೇ ಇಳಿದರೆ ಲಾಭವೆಲ್ಲ ಅಳಿದು 30 ಸೆಂಟು ನಷ್ಟ. ಮಂಡಿಯಲ್ಲಿ ದನವನ್ನು ನೂರು ಪೌಂಡಿಗೆ ಹತ್ತೇ ಸೆಂಟು ಕಡಮೆಗೆ ಕೊಂಡರೆ 1 ಡಾಲರು 26 ಸೆಂಟು ಉಳಿದು ಲಾಭವು ಮೂರರಷ್ಟಾಗುವುದು. ಸೆಂಟಿನ ಎಂಟನೆಯ ಭಾಗವನ್ನು ಯಾವ ಗೃಹಿಣಿಯೂ ಗಮನಿಸಲಾರಳು. ನೂರಕ್ಕೆ ಹತ್ತು ಸೆಂಟಿನ ಇಳಿತವನ್ನು ಮಂಡಿಗೆ ದನ ತಂದವನು ಪೇಟೆಯ ದಿನದ ಏರಿಳಿತವೆಂದೇ ತಿಳಿದಾನು. ಲಾಭ ಸಣ್ಣದಾಗಿರುವುದೇ ಒಳಒಪ್ಪಂದಕ್ಕೆ ಪ್ರಬಲವಾದ ಪ್ರೇರಣೆ ಎಂಬುದು ನಮ್ಮ ಅಭಿಪ್ರಾಯ.

ಒಳಒಪ್ಪಂದವಿದ್ದಿತೆಂಬುದು ಕೇವಲ ಊಹೆಯಲ್ಲ. 1893ರಿಂದ 1902ರವರೆಗೆ ದೊಡ್ಡ ಕಂಪನಿಗಳ ಪ್ರತಿನಿಧಿಗಳು ಹೆನ್ರಿ ವೀಡರ್ ಎಂಬ ವಕೀಲನ ಕಚೇರಿಯಲ್ಲಿ ವಾರವಾರವೂ ಸೇರಿ, ಯಾರು ಎಷ್ಟು ಮಾಂಸವನ್ನು ಯಾವ ಪೇಟೆಗೆ ಕಳುಹಿಸಬೇಕೆಂದು ಪಾಲು ಹಂಚಿಕೊಳ್ಳುತ್ತಿದ್ದರು. ಪಾಲು ಮೀರಿದವನಿಗೆ ದಂಡ. ಸರಕಾರವು ಹೂಡಿದ ಮೊಕದ್ದಮೆ 1905ರಲ್ಲಿ ಸರ್ವೋನ್ನತ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಮಂಡಿಯಲ್ಲಿ ಒಬ್ಬರ ಮೇಲೊಬ್ಬರು ಹರಾಜು ಕೂಗುವುದಿಲ್ಲ, ಒಂದೆರಡು ದಿನ ಬೆಲೆಯನ್ನೇರಿಸಿ ದನವನ್ನು ಸೆಳೆದು ಬಂದಮೇಲೆ ಇಳಿಸುತ್ತಾರೆ, ಮಾರುವ ಬೆಲೆಯನ್ನು ಕೂಡಿ ಗೊತ್ತುಮಾಡುತ್ತಾರೆ ಎಂಬುದು ಸರಕಾರದ ಆರೋಪಗಳು. ದನ ಒಂದು ಸಂಸ್ಥಾನದಿಂದ ಹೊರಟು ಮತ್ತೊಂದರಲ್ಲಿ ಮಾಂಸವಾಗಿ ಮಾರಾಟವಾಗುವವರೆಗೂ ಇರುವುದು ಒಂದೇ ಪ್ರವಾಹ, ಮಂಡಿಯಲ್ಲಿ ತಂಗಿದ ಮಾತ್ರಕ್ಕೆ ಅದು ಸ್ಥಳೀಯ ವ್ಯವಹಾರವಾಗದು ಎಂಬ ನ್ಯಾಯಮೂರ್ತಿ ಹೋಮ್ಸನ ನಿರ್ಣಯ ಕಾನೂನಿನವರಿಗೆ ಪ್ರಸಿದ್ಧ. ಬೆಲೆಯ ಚರಿತ್ರೆಯನ್ನು ಬರೆಯುವವರಿಗೂ ಅದು ಸರಿಯಾದ ದೃಷ್ಟಿಯೆಂದು ನಮಗೆ ತೋರುತ್ತದೆ.

1902ರ ನ್ಯೂಯಾರ್ಕಿನ ಒಂದು ಪ್ರಕರಣವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ನಗರದ ಪೂರ್ವಭಾಗದ ಬಡ ಯಹೂದಿ ಕುಟುಂಬಗಳು ಧರ್ಮನಿಯಮದಂತೆ ಕೊಯ್ದ ಕೋಷರ್ ಮಾಂಸವನ್ನೇ ತಿನ್ನಬೇಕು. ಕೊಯ್ದ 72 ಗಂಟೆಗಳೊಳಗೆ ಮಾಂಸವನ್ನು ನೆನೆಸಿ ಉಪ್ಪುಹಾಕಬೇಕೆಂಬ, ಇಲ್ಲವೆ ತೊಳೆಯಬೇಕೆಂಬ ಕಟ್ಟು ಇರುವುದರಿಂದ ಷಿಕಾಗೋದಿಂದ ದಿನಗಟ್ಟಲೆ ಪಯಣಿಸಿ ಬರುವ ಮಾಂಸ ಅವರಿಗೆ ಒದಗದು. ದನ ಜೀವಂತವಾಗಿಯೇ ನ್ಯೂಯಾರ್ಕಿಗೆ ಬರಬೇಕು. ಹಿಮದ ಗಾಡಿಯ ಉಳಿತಾಯ ಇವರಿಗಿಲ್ಲ, ಆದರೆ ದನವನ್ನು ಸಗಟಾಗಿ ಒದಗಿಸುವವರ ಒಕ್ಕೂಟದ ಹಿಡಿತ ಮಾತ್ರ ಉಂಟು. ಆ ವರ್ಷ ಮೇ ತಿಂಗಳಲ್ಲಿ ಪೌಂಡಿಗೆ 12 ಸೆಂಟಿದ್ದ ಬೆಲೆ 18ಕ್ಕೆ ಹಾರಿತು. ಮೊದಲು ಅಂಗಡಿಯವರೇ ಸಗಟು ವ್ಯಾಪಾರಿಗಳಿಗೆ ವಿರೋಧವಾಗಿ ಅಂಗಡಿ ಮುಚ್ಚಿದರು, ಕೆಲವು ದಿನಗಳಲ್ಲಿ ರಾಜಿಯಾಗಿ ತೆರೆದರು, ಬೆಲೆ ಇಳಿಯಲಿಲ್ಲ. ಮೇ 15ರಂದು ಹೆಂಗಸರು ಸಾವಿರಗಟ್ಟಲೆ ಬೀದಿಗಿಳಿದರು. ಕಿಟಕಿಗಳು ಒಡೆದುವು, ಕೊಂಡ ಮಾಂಸವನ್ನು ಕಿತ್ತು ಸೀಮೆಯೆಣ್ಣೆ ಸುರಿದರು, ಅನೇಕರು ಪೋಲೀಸರ ವಶವಾದರು. ಜೂನ್ ವೇಳೆಗೆ ಬೆಲೆ 14 ಸೆಂಟಿಗಿಳಿಯಿತು. ಸರಪಣಿಯ ಕಟ್ಟಕಡೆಯ ಕೊಂಡಿಯಾದ ಅಂಗಡಿಯವನು, ತಾನು ಗೊತ್ತುಮಾಡದ ಬೆಲೆಗೆ ತನ್ನ ಕಿಟಕಿಯ ಗಾಜನ್ನು ತೆತ್ತನು. ಮೇಲಿನ ಕೊಂಡಿಗಳು ಎಲ್ಲಿವೆಯೆಂದು ಆ ಹೆಂಗಸರಿಗೆ ತಿಳಿದಿದ್ದರೂ ಅವರ ಕೈಗೆ ಎಟುಕುತ್ತಿದ್ದುದು ಅದೊಂದೇ.

1906ರ ಮಾಂಸಪರೀಕ್ಷಾ ಶಾಸನವನ್ನು ಸಾಮಾನ್ಯವಾಗಿ ಅಪ್ಟನ್ ಸಿಂಕ್ಲೇರನ ಕಾದಂಬರಿಯ ಫಲವೆಂದು ಹೇಳಿ ಮುಗಿಸುವುದುಂಟು. ನಮ್ಮ ವಿಷಯಕ್ಕೆ ಬೇಕಾದುದು ಅದರ ಖರ್ಚಿನ ಪ್ರಶ್ನೆ. ಪರೀಕ್ಷೆಯ ಶುಲ್ಕವನ್ನು ಕಂಪನಿಗಳು ಕೊಡಬೇಕೆಂಬ ಸೂಚನೆ ಬಿದ್ದುಹೋಗಿ, ವರ್ಷಕ್ಕೆ 30 ಲಕ್ಷ ಡಾಲರನ್ನು ಸರಕಾರದ ಬೊಕ್ಕಸದಿಂದ ಕೊಡುವುದೆಂದಾಯಿತು. ಮಾಂಸ ತಿನ್ನದವನೂ ಮಾಂಸದ ಬೆಲೆಯ ಒಂದಂಶವನ್ನು ತೆರಿಗೆಯಾಗಿ ಕೊಟ್ಟನು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಲೆಗಳು ಏರಿದಾಗ, 1917ರಲ್ಲಿ ಅಧ್ಯಕ್ಷ ವಿಲ್ಸನನ ಆದೇಶದಂತೆ ಫೆಡರಲ್ ವ್ಯಾಪಾರ ಆಯೋಗವು ವಿಚಾರಣೆಯನ್ನು ಕೈಗೊಂಡಿತು. ಆ ವೇಳೆಗೆ ಮುಖ್ಯ ಕಂಪನಿಗಳು ಐದು: ಸ್ವಿಫ್ಟ್, ಆರ್ಮರ್, ಮಾರಿಸ್, ವಿಲ್ಸನ್, ಕಡಹಿ. ಮಂಡಿಗಳ ಷೇರು, ಹಿಮದ ಗಾಡಿಗಳು, ಶೈತ್ಯಾಗಾರಗಳು, ಶಾಖೆಗಳು ಇವರ ಕೈಯಲ್ಲಿದ್ದುದರಿಂದ ಹೊಸಬರಿಗೆ ದಾರಿಯಿಲ್ಲವೆಂದು ಆಯೋಗವು 1918ರಲ್ಲಿ ವರದಿಮಾಡಿ, ಮಂಡಿಗಳನ್ನೂ ಗಾಡಿಗಳನ್ನೂ ಸರಕಾರವೇ ವಹಿಸಿಕೊಳ್ಳಬೇಕೆಂದು ಸೂಚಿಸಿತು. ಸ್ವಿಫ್ಟ್ ಕಂಪನಿ ಪತ್ರಿಕೆಗಳಲ್ಲಿ ಜಾಹೀರಾತಿನ ಮೂಲಕ ಉತ್ತರಕೊಟ್ಟಿತು. ತನಗೆ ಬರುವ ಒಂದು ಡಾಲರಿನಲ್ಲಿ 85 ಸೆಂಟು ದನ ಸಾಕಿದವನಿಗೆ, 12.96 ಸೆಂಟು ಕೂಲಿ, ಬಾಡಿಗೆ ಮೊದಲಾದ ಖರ್ಚಿಗೆ, ತನಗುಳಿಯುವುದು 2.04 ಸೆಂಟು. ನಾಣ್ಯದ ಚಿತ್ರವನ್ನು ಹೋಳುಮಾಡಿ ತೋರಿಸಿದ ಈ ಜಾಹೀರಾತು ಬಹು ಜಾಣತನದ್ದು. ಅಂಕಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಮಾರಾಟದ ಮೇಲಿನ ಲಾಭ, ಹೂಡಿದ ಬಂಡವಾಳದ ಮೇಲಿನ ಲಾಭವಲ್ಲ. ಬೇಗ ಕೆಡುವ ಸರಕು ಬೇಗನೆ ಮಾರಾಟವಾಗುತ್ತದೆ. ಅದೇ ಬಂಡವಾಳ ವರ್ಷಕ್ಕೆ ಐದು ಸಲ ತಿರುಗಿತೆಂದು ಭಾವಿಸಿದರೆ ನೂರಕ್ಕೆ ಎರಡರ ಲಾಭ ನೂರಕ್ಕೆ ಹತ್ತಾಗುತ್ತದೆ. ಮೇಲಾಗಿ, ಆ 12.96 ಸೆಂಟಿನ ಬಾಡಿಗೆಯಲ್ಲಿ ಎಷ್ಟು ಪಾಲು ಕಂಪನಿಯ ಸ್ವಂತ ಗಾಡಿಗಳಿಗೇ ಮರಳಿತೆಂಬುದು ನಾಣ್ಯದ ಚಿತ್ರದಲ್ಲಿ ಕಾಣುವುದಿಲ್ಲ.

1920ರ ಫೆಬ್ರುವರಿಯಲ್ಲಿ ಐದು ಕಂಪನಿಗಳೂ ಒಂದು ಒಪ್ಪಿಗೆಯ ಡಿಕ್ರಿಗೆ ಸಹಿಹಾಕಿದುವು. ಮಂಡಿಗಳ ಷೇರನ್ನು ಮಾರಬೇಕು, ದಿನಸಿ ವ್ಯಾಪಾರವನ್ನು ಬಿಡಬೇಕು, ಚಿಲ್ಲರೆ ಮಾಂಸದಂಗಡಿ ಇಡಕೂಡದು. ಹಿಮದ ಗಾಡಿಗಳೂ ಮಾರಾಟದ ಶಾಖೆಗಳೂ ಮಾತ್ರ ಅವರಲ್ಲೇ ಉಳಿದುವು. 1921ರ ಆಗಸ್ಟಿನಲ್ಲಿ ಮಂಡಿಗಳನ್ನೂ ಮಾಂಸದ ಕಂಪನಿಗಳನ್ನೂ ಕೃಷಿ ಇಲಾಖೆಯ ಮೇಲ್ವಿಚಾರಣೆಗೊಳಪಡಿಸುವ ಶಾಸನವಾಯಿತು. ಅದು ಇಂದಿಗೂ ಜಾರಿಯಲ್ಲಿದೆ.

ಷಿಕಾಗೋದ ಹಿಡಿತವನ್ನು ಸಡಿಲಿಸಿದುದು ಡಿಕ್ರಿಗಿಂತ ಹೆಚ್ಚಾಗಿ ಲಾರಿಯೆಂದು ನಾವು ಭಾವಿಸುತ್ತೇವೆ. ರಸ್ತೆಗಳು ಬೆಳೆದಂತೆ ದನ ಮಂಡಿಗೆ ಬರದೆ ನೇರವಾಗಿ ಹಳ್ಳಿಗಾಡಿನ ಕಾರ್ಖಾನೆಗೆ ಹೋಗತೊಡಗಿತು. 1971ರ ಜುಲೈ ಕೊನೆಗೆ ಆ ಮಹಾಮಂಡಿ ಮುಚ್ಚಿತು. ಅಯೋವಾ ಸಂಸ್ಥಾನದಲ್ಲಿ 1960ರಲ್ಲಿ ಹುಟ್ಟಿದ ಅಯೋವಾ ಬೀಫ್ ಪ್ಯಾಕರ್ಸ್ ಎಂಬ ಕಂಪನಿ 1967ರಲ್ಲಿ ಮಾಂಸವನ್ನು ಕಾರ್ಖಾನೆಯಲ್ಲೇ ತುಂಡುಮಾಡಿ, ಮೂಳೆ ಕೊಬ್ಬುಗಳನ್ನು ತೆಗೆದು, ಗಾಳಿಯಾಡದ ಚೀಲದಲ್ಲಿಟ್ಟು ಪೆಟ್ಟಿಗೆಗಳಲ್ಲಿ ಕಳುಹಿಸತೊಡಗಿತು. ಬೇಡದ ತೂಕಕ್ಕೆ ಬಾಡಿಗೆ ಕೊಡಬಾರದೆಂಬ ಸ್ವಿಫ್ಟನ ಲೆಕ್ಕವೇ ಇದು, ತೊಂಬತ್ತು ವರ್ಷಗಳ ಬಳಿಕ ಇನ್ನೊಂದು ಮಜಲು ಮುಂದೆ. ಅಂಗಡಿಯಲ್ಲಿ ಕತ್ತಿ ಹಿಡಿದು ನಿಂತಿದ್ದ ಕುಶಲ ಕಟುಕನ ಕೆಲಸ ಇದರಿಂದ ಬಹುಮಟ್ಟಿಗೆ ತಪ್ಪಿತು. ಹಳೆಯ ಐವರು ಚದುರಿಹೋದರು, ಹೊಸ ನಾಲ್ವರು ಕೂಡಿಕೊಂಡರು: ಕೊಬ್ಬಿಸಿದ ದನಗಳ ವಧೆಯಲ್ಲಿ ದೊಡ್ಡ ನಾಲ್ಕು ಕಂಪನಿಗಳ ಪಾಲು 1980ರಲ್ಲಿ ನೂರಕ್ಕೆ ಸುಮಾರು 36 ಇದ್ದದ್ದು ಈಚೆಗೆ ಸುಮಾರು 85ರ ಮಟ್ಟಕ್ಕೇರಿದೆ.

2019ರ ಆಗಸ್ಟಿನಲ್ಲಿ ಕಾನ್ಸಾಸಿನ ಹಾಲ್ಕಂಬ್ ಎಂಬಲ್ಲಿಯ ಒಂದು ದೊಡ್ಡ ಕಾರ್ಖಾನೆ ಬೆಂಕಿಗೆ ಸಿಕ್ಕಿ ತಿಂಗಳುಗಟ್ಟಲೆ ನಿಂತಿತು. ದೇಶದ ದನವಧೆಯ ಸಾಮರ್ಥ್ಯದಲ್ಲಿ ಅದರ ಪಾಲು ನೂರಕ್ಕೆ ಐದಾರು ಮಾತ್ರ. ಆದರೂ ದನದ ಬೆಲೆ ಇಳಿಯಿತು, ಸಗಟು ಮಾಂಸದ ಬೆಲೆ ಏರಿತು. ಮರುವರ್ಷದ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೋವಿಡ್ ರೋಗ ಕಾರ್ಖಾನೆಗಳ ಕೂಲಿಗಾರರಲ್ಲಿ ಹರಡಿದಾಗ ದನವಧೆಯು ಹಿಂದಿನ ವರ್ಷಕ್ಕಿಂತ ನೂರಕ್ಕೆ 40ರಷ್ಟು ಕುಗ್ಗಿತು; ಪೆಟ್ಟಿಗೆಯ ಮಾಂಸದ ಸಗಟು ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು, ದನ ಮಾತ್ರ ಕೊಳ್ಳುವವರಿಲ್ಲದೆ ಕೊಟ್ಟಿಗೆಗಳಲ್ಲೇ ನಿಂತು ಮೇವು ತಿನ್ನುತ್ತಿತ್ತು. ಎರಡೂ ಸಂದರ್ಭಗಳಲ್ಲಿ ಸಾಕುವವನೂ ಕೊಳ್ಳುವವನೂ ಒಟ್ಟಿಗೆ ನಷ್ಟಹೊಂದಿದರು. ಕೃಷಿ ಇಲಾಖೆಯು 2020ರ ಜುಲೈಯಲ್ಲಿ ಈ ಬೆಲೆಯಂತರವನ್ನು ಕುರಿತು ವರದಿಯನ್ನು ಹೊರಡಿಸಿತು. ಅಂತರಗಳನ್ನು ವಿವರವಾಗಿ ತೋರಿಸಿ, 1921ರ ಶಾಸನವನ್ನು ಯಾರಾದರೂ ಮುರಿದರೇ ಎಂಬ ಪ್ರಶ್ನೆಯನ್ನು ತೀರ್ಮಾನಿಸದೆ ಬಿಟ್ಟಿತು.